ತೂಬಿಗೆ ಆರು ಕವಡೆ

ಮೊನ್ನೆ ಚಿಕ್ಕಲಸಂದ್ರಕ್ಕೆ ಹೋಗಬೇಕಾಗಿ ಬಂತು. ವಾರಗಿತ್ತಿಯ ಮಗಳ ಮನೆಗೆ ಒಂದು ಲಗ್ನಪತ್ರಿಕೆ ಕೊಡುವುದಿತ್ತು. ಈಗ ಎಲ್ಲರೂ ಫೋನಿನಲ್ಲೇ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ನನಗೆ ಮಾತ್ರ ಕೈಯಲ್ಲಿ ಕೊಟ್ಟು, ಕುಂಕುಮ ಇಟ್ಟು ಬಂದರೇ ಸಮಾಧಾನ. ಮಂಡಿ ಬೇಡವೆಂದರೂ ಹೊರಟೆ. ಮನೆಗೆ ಇನ್ನೂ ಎರಡು ತಿರುವು ಇರುವಾಗಲೇ ಆಟೋ ನಿಂತಿತು. ಮುಂದಕ್ಕೆ ಹೋಗಲ್ಲಮ್ಮ, ರೋಡ್ ಅಗ್ದವ್ರೆ, ಅಂದ ಡ್ರೈವರ್. ಪತ್ರಿಕೆ ಕೊಟ್ಟು ಬರುವವರೆಗೆ ಕಾಯುತ್ತೇನೆಂದು ಬೀಡಿ ಹಚ್ಚಿಕೊಂಡ.

ಇಳಿದು ನೋಡಿದರೆ ರಸ್ತೆಯ ಉದ್ದಕ್ಕೂ ಆಳುದ್ದದ ಗುಂಡಿ. ಯಾವುದೋ ಪೈಪಿನ ಕೆಲಸ. ಮೇಲೆ ಟಾರು, ಅದರ ಕೆಳಗೆ ಜಲ್ಲಿ, ಕೆಂಪುಮಣ್ಣು, ಹಳೇ ಇಟ್ಟಿಗೆಯ ಚೂರು. ಅದರ ಕೆಳಗೆ ಕಪ್ಪು. ಬೆಣ್ಣೆಯಂತೆ ಮಿಂಚುವ ಕಪ್ಪು ಮಣ್ಣನ್ನು ಆಳುಗಳು ದಡಕ್ಕೆ ಎತ್ತಿ ಹಾಕಿದ್ದರು. ಅದರ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಅಲ್ಲೇ ನಿಂತುಬಿಟ್ಟೆ. ಕೊಳೆತ ಎಲೆ, ಮೀನು, ಹಳೇ ನೀರು ಎಲ್ಲ ಸೇರಿದ ವಾಸನೆ. ಕೆರೆಯ ಗೋಡು. ಸುತ್ತ ಎಲ್ಲಿ ನೋಡಿದರೂ ಮೂರು ಮೂರು ಅಂತಸ್ತಿನ ಮನೆ, ಗೇಟಿನ ಮುಂದೆ ಕಾರು. ಇಲ್ಲೊಂದು ಕೆರೆ ಇತ್ತು ಎನ್ನುವುದಕ್ಕೆ ಒಂದು ಗುರುತೂ ಇಲ್ಲ. ಆದರೆ ಆ ವಾಸನೆಯನ್ನು ನಾನು ಒಮ್ಮೆ ಉಂಡಿದ್ದೇನೆ, ನಲವತ್ತು ವರ್ಷದ ಹಿಂದೆ, ಇಲ್ಲೇ ಎಲ್ಲೋ, ನಂಜುಂಡಣ್ಣನ ಪಕ್ಕದಲ್ಲಿ ನಿಂತು.

ಎಂಬತ್ತೈದೋ ಎಂಬತ್ತಾರೋ ಇರಬೇಕು. ನಾವು ಆಗ ಜಯನಗರದಲ್ಲಿ ಒಂದು ದೊಡ್ಡ ಮನೆಯ ಹಿಂದಿನ ಪೋರ್ಷನ್ನಿನಲ್ಲಿದ್ದೆವು. ಅಮ್ಮ, ನಾನು, ನನ್ನ ತಮ್ಮ ಸೀನ. ನನಗಿನ್ನೂ ಮದುವೆ ಆಗಿರಲಿಲ್ಲ. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ದಿನಕ್ಕೆ ಎಂಟು ಗಂಟೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ತೂತಿನಿಂದ ಇನ್ನೊಂದು ತೂತಿಗೆ ಪ್ಲಗ್ ಚುಚ್ಚುತ್ತಾ, ಯಾರ್‍ಯಾರದೋ ಸಾವು, ಹೆರಿಗೆ, ಜಗಳಗಳ ನಡುವೆ ಕೂತಿರುವುದು. ಮೂರು ನಿಮಿಷ ಆಗುತ್ತಲೂ ನಡುವೆ ಬಾಯಿ ಹಾಕಿ, ‘ತ್ರೀ ಮಿನಿಟ್ಸ್ ಆಯ್ತು, ಎಕ್ಸ್‌ಟೆಂಡ್ ಮಾಡ್ಲಾ?’ ಎಂದು ಕೇಳಬೇಕು. ಅಳುತ್ತಿದ್ದವರೂ ಅಳು ನಿಲ್ಲಿಸಿ ಯೋಚಿಸುತ್ತಿದ್ದರು. ಮನೆಗೆ ಬಂದರೆ ಮಾತೇ ಬೇಡ ಅನ್ನಿಸುತ್ತಿತ್ತು. ಅಮ್ಮ ಊಟಕ್ಕೆ ಕರೆದರೂ ಮೂರು ನಿಮಿಷ ಆದ ಮೇಲೆ ಅವಳ ಮಾತನ್ನು ತುಂಡು ಮಾಡುತ್ತೇನೋ ಎನ್ನುವ ಹಾಗಿದ್ದೆ.

ಅಂಥ ದಿನಗಳಲ್ಲಿ ಸೀನ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದ. ಮೊದಲ ಹದಿನೈದು ಹಾಳೆ ಇರಲಿಲ್ಲ, ನಡುವೆ ಯಾವುದೋ ಮಗು ಬಳಪದಲ್ಲಿ ಗೀಚಿತ್ತು. ಅದೊಂದು ಆಟದ ಪುಸ್ತಕ. ಬೋರ್ಡು ಬೇಡ, ಕಾಯಿ ಬೇಡ. ಒಬ್ಬರು ಸೂತ್ರಧಾರರಾಗಿ ಕೂತು ಊರು, ಕಾಡು, ಕೋಟೆ, ಕಳ್ಳಕಾಕರನ್ನೆಲ್ಲ ಬಾಯಲ್ಲೇ ಕಟ್ಟಿಕೊಡಬೇಕು. ಉಳಿದವರು ತಲಾ ಒಂದು ಪಾತ್ರ ಹಿಡಿದು, ‘ಈಗ ನಾನು ಹೀಗೆ ಮಾಡುತ್ತೇನೆ’ ಎನ್ನಬೇಕು. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ದಾಳ ಹಾಕಿ ತೀರ್ಮಾನ. ಪುಸ್ತಕದವರು ಹೇಳುವ ಬಹುಮುಖದ ದಾಳಗಳು ನಮಗೆಲ್ಲಿ ಸಿಗಬೇಕು? ಅಮ್ಮನ ಚೌಕಾಬಾರದ ಡಬ್ಬಿಯಿಂದ ಆರು ಕವಡೆ ತೆಗೆದೆವು. ಸುಲಭದ ಕೆಲಸಕ್ಕೆ ಎರಡು ಕವಡೆ ಅಂಗಾತ ಬಿದ್ದರೆ ಸಾಕು, ಕಷ್ಟದ್ದಕ್ಕೆ ನಾಲ್ಕು ಬೀಳಬೇಕು. ಎಷ್ಟು ಬೀಳಬೇಕೆಂದು ಹೇಳುವುದು ಸೂತ್ರಧಾರರ ಮರ್ಜಿ.

ಸೂತ್ರಧಾರಿಕೆ ನನಗೇ ಬಂತು. ನಮ್ಮ ವಂಶದಲ್ಲಿ ಕತೆ ಹೇಳುವ ಬಾಯಿ ನನ್ನದು ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ಅದು ಅಜ್ಜಿಯಿಂದ ಬಂದದ್ದು. ಕನಕಪುರದ ಕಡೆಯವಳು. ಅವರೆಕಾಯಿ ಸುಲಿಯುತ್ತಾ ಕೂತಳೆಂದರೆ ಮೊರ ತುಂಬುವುದರೊಳಗೆ ಏಳು ಸಮುದ್ರ ದಾಟಿಸುತ್ತಿದ್ದಳು. ಅವಳದೊಂದೇ ಕಟ್ಟಳೆ: ಕೇಳುವವರು ಮಾತಿಗೊಂದು ಸಲ ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ‘ಹೂಂ ಅನ್ನೋರಿಲ್ದೆ ಯಾರ್ಗೆ ಹೇಳ್ಲಿ, ಈ ಸಿಪ್ಪೆಗಾ?’ ಎಂದು ಎದ್ದುಬಿಡುತ್ತಿದ್ದಳು. ನಾವು ಮೊಮ್ಮಕ್ಕಳು ತೂಕಡಿಸುತ್ತಲೇ ಹೂಂ, ಹೂಂ ಎನ್ನುತ್ತಿದ್ದೆವು.

ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರು. ಈ ಆಟವನ್ನೂ ಅಜ್ಜಿಯ ಕತೆ ಅಂದುಕೊಂಡೆ. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದೆ. ಕರಿಯಕೋಟೆ ಎಂಬ ಒಂದು ಕೋಟೆ, ಅದರೊಳಗೆ ಊರನ್ನೆಲ್ಲ ಸುಲಿಯುವ ಪಾಳೇಗಾರ, ಕೋಟೆಯ ಸುತ್ತ ಮೊಸಳೆಯ ಕಂದಕ, ಕಂದಕಕ್ಕೆ ನೀರುಣಿಸುವ ಒಂದು ಕೆರೆ, ಹಾಳುಗುಡಿಯಲ್ಲೊಂದು ಸುರಂಗ, ಸುರಂಗದ ಬಾಯಲ್ಲಿ ಒಗಟು ಕೇಳುವ ಮುದುಕಿ. ಆ ಮುದುಕಿಯನ್ನು ಅಜ್ಜಿಯ ಮಾತಿನಲ್ಲೇ ಬರೆದಿದ್ದೆ. ಆಟಗಾರರು ಆಕೆಯ ಮುಂದೆ ಬಂದು ನಿಂತಾಗ ನಾನು ಹೇಗೆ ಹೇಳಬೇಕೆಂದು ಪ್ಲಗ್ ಚುಚ್ಚುವಾಗಲೂ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಅವರು ಮಾಡಬೇಕಾದದ್ದೆಲ್ಲ ದಾರಿ ತಪ್ಪದೆ ಅಲ್ಲಿಗೆ ಬರುವುದು, ಬಂದು ಹೂಂ ಅನ್ನುವುದು.

ಆದರೆ ಆಡುವವರು ಹೂಂ ಅನ್ನಬೇಕಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಮ್ಮ ಹಜಾರದ ಚಾಪೆಯ ಮೇಲೆ ಕೂರುತ್ತಿದ್ದವರು ಸೀನ ಮತ್ತು ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಮಲ. ಸೀನ ಕತ್ತಿ ಹಿಡಿದವನು, ಅವನಿಂದ ತೊಂದರೆಯಿಲ್ಲ, ಕಂಡದ್ದನ್ನೆಲ್ಲ ಕಡಿಯುತ್ತಿದ್ದ. ವಿಮಲಳದೇ ಪೀಕಲಾಟ. ಅವಳು ಮಂತ್ರವಾದಿ, ಆದರೆ ಮಂತ್ರ ಹಾಕುವ ಬದಲು ಎಲ್ಲರ ಜೊತೆ ಮಾತಿಗೆ ಕೂರುತ್ತಿದ್ದಳು. ಕೋಟೆಯ ದಾರಿಯಲ್ಲಿ ನಾನಿಟ್ಟಿದ್ದ ಸುಂಕದಕಟ್ಟೆಯ ಕಾವಲುಗಾರ ದಾರಿ ಬಿಡಲಿಲ್ಲ ಅಂದರೆ, ಅವನ ಹತ್ತಿರ ಎಲೆಗೆ ಸುಣ್ಣ ಕೇಳಿ, ಅವನ ಮಗಳಿಗೊಂದು ಗಂಡು ತೋರಿಸುತ್ತೇನೆಂದು ಮಾತಿಗೆಳೆಯುತ್ತಾಳಂತೆ, ಅಷ್ಟರಲ್ಲಿ ಸೀನ ಹಿಂದಿನಿಂದ ನುಸುಳಬೇಕಂತೆ.

‘ಕಾವಲುಗಾರನಿಗೆ ಮಗಳಿಲ್ಲ’ ಅಂದೆ.

‘ತಂಗಿ?’

‘ತಂಗಿಯೂ ಇಲ್ಲ.’

‘ಪಾಪ, ಯಾರೂ ಇಲ್ವಾ? ಅದಕ್ಕೇ ಹಿಂಗ್ ಆಡ್ತಾನೆ’ ಅಂದಳು ವಿಮಲ. ಸೀನ ಚಾಪೆಯ ಮೇಲೆ ಉರುಳಾಡಿ ನಕ್ಕ. ನಾನು ನಗಲಿಲ್ಲ. ವಾರವೆಲ್ಲ ದುಡಿದು, ಭಾನುವಾರವೂ ಇವರ ಹಿಂದೆ ಓಡಬೇಕಲ್ಲ ಎಂದು ಸುಸ್ತಾಗಿ, ಸುಂಕದಕಟ್ಟೆಯನ್ನೇ ಆಟದಿಂದ ಎತ್ತಿಹಾಕಿದೆ.

ನಂಜುಂಡಣ್ಣ ಬಂದದ್ದು ಜುಲೈ ತಿಂಗಳ ಒಂದು ಭಾನುವಾರ. ಹಿಂದಿನ ದಿನದ ಗಾಳಿಮಳೆಗೆ ಮಾಲೀಕರ ಮನೆಯ ಫೋನಿನ ತಂತಿ ಕಡಿದು ನಮ್ಮ ನುಗ್ಗೆಮರಕ್ಕೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಬಂದ ಲೈನ್‌ಮನ್ ಅವರು. ನಲವತ್ತೈದರ ಆಸುಪಾಸು, ಖಾಕಿ ಷರ್ಟು, ಮಡಿಸಿದ ಪ್ಯಾಂಟು, ಹೆಗಲಿಗೆ ಹಗ್ಗ. ಎಕ್ಸ್‌ಚೇಂಜಿನಲ್ಲಿ ಮುಖ ನೋಡಿದ್ದ ಪರಿಚಯ. ಅಮ್ಮ ಕಾಫಿ ಕೊಟ್ಟಳು. ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೂ ಅವರು ಬಾಗಿಲ ಬಳಿಯೇ ಕುಕ್ಕರುಗಾಲಲ್ಲಿ ಕೂತು ನಮ್ಮ ಆಟ ನೋಡುತ್ತಿದ್ದರು.

‘ಇದ್ರಲ್ಲಿ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಮಾಡ್ಬೋದಾ ಮೇಡಂ?’ ಎಂದು ಕೇಳಿದರು.

ಮಾಡಬಹುದು ಅಂದೆ. ಪುಸ್ತಕದಲ್ಲಿ ಹಾಗೇ ಬರೆದಿತ್ತು.

ಮುಂದಿನ ವಾರ ಇಸ್ತ್ರಿ ಮಾಡಿದ ಬಿಳೀ ಷರ್ಟು ಹಾಕಿಕೊಂಡು, ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದುಕೊಂಡು ಬಂದರು. ಚಿಕ್ಕಲಸಂದ್ರದಿಂದ ಸೈಕಲ್ಲಿನಲ್ಲಿ. ಯಾರ ಪಾತ್ರ ಬೇಕು, ಸಿಪಾಯಿಯೋ ಬೇಟೆಗಾರನೋ ಎಂದು ಕೇಳಿದಾಗ ನಾಚಿಕೊಂಡು, ನೀರ್ಗಂಟಿ ಆಗ್ತೀನಿ ಅಂದರು. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು ನೀರಗಂಟಿ. ಅವರ ಮನೆತನದ್ದೇ ಅದು. ಅಪ್ಪನ ತನಕ ಊರ ಕೆರೆಯ ತೂಬು ಅವರ ಕೈಯಲ್ಲೇ ಇತ್ತಂತೆ. ಪುಸ್ತಕದಲ್ಲಿ ನೀರಗಂಟಿ ಇಲ್ಲ ಎಂದೆ. ಸರಿ ಮೇಡಂ, ಸಿಪಾಯಿನೇ ಆಯ್ತೀನಿ ಬುಡಿ, ಅಂದರು. ಆದರೆ ಅವರ ಸಿಪಾಯಿ ಹೋದಲ್ಲೆಲ್ಲ ಮೊದಲು ನೋಡುತ್ತಿದ್ದದ್ದು ನೀರು ಯಾವ ಕಡೆಗೆ ಇಳಿಯುತ್ತದೆ ಎಂದು.

ಮೂರು ವಾರ ಚೆನ್ನಾಗಿ ನಡೆಯಿತು. ವಿಮಲ ಅವರಿಗೆ ಮಾತು ಕಲಿಸಿದಳು, ಅವರು ವಿಮಲಳಿಗೆ ಸುಮ್ಮನಿರುವುದನ್ನು ಕಲಿಸಿದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು, ಆದರೆ ಸೂತ್ರಧಾರಿಕೆಗೆ ಮರ್ಯಾದೆ ಕೊಟ್ಟು ‘ಏನಾಯ್ತದೆ ಮೇಡಂ?’ ಎಂದು ಕಾದು ಕೂರುತ್ತಿದ್ದರು. ವಿಮಲ ಒಂದು ದಿನ ಕೆಲಸದಲ್ಲಿ ಹೇಳಿದಳು: ಅವರ ಊರಿನ ಕೆರೆಯ ಕೆಳಗಿನ ಗದ್ದೆಗಳೆಲ್ಲ ಸೈಟುಗಳಾಗಿವೆಯಂತೆ, ಈಗ ಕೆರೆಯನ್ನೂ ಬತ್ತಿಸುತ್ತಾರಂತೆ, ಊರಲ್ಲಿ ಅವರನ್ನು ಯಾರೂ ಒಂದು ಮಾತು ಕೇಳುವುದಿಲ್ಲವಂತೆ. ‘ವಾರದಲ್ಲಿ ನಿಮ್ಮನೇಲಿ ಮಾತ್ರ ಅವ್ರನ್ನ ಏನ್ಮಾಡ್ತೀರಾ ಅಂತ ಕೇಳೋದು ಕಣೇ ಶಾರಿ’ ಅಂದಳು. ನಾನು ಒಂದು ಕಿವಿಯಲ್ಲಿ ಅವಳ ಮಾತು, ಇನ್ನೊಂದರಲ್ಲಿ ಹುಬ್ಬಳ್ಳಿಯ ಲೈನು ಹಿಡಿದಿದ್ದೆ. ಎರಡನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ನಾಲ್ಕನೇ ವಾರ ಅವರೆಲ್ಲ ಕರಿಯಕೋಟೆಯ ಮುಂದೆ ಬಂದು ನಿಂತರು. ಹೊರಗೆ ಧೋ ಎಂದು ಮಳೆ. ನಾನು ಕಂದಕವನ್ನು, ಮೊಸಳೆಗಳನ್ನು, ಮುಚ್ಚಿದ ಹೆಬ್ಬಾಗಿಲನ್ನು, ಬುರುಜಿನ ಮೇಲಿನ ಬಿಲ್ಲಾಳುಗಳನ್ನು ಬಣ್ಣಿಸಿದೆ. ದೂರದಲ್ಲೊಂದು ಹಾಳುಗುಡಿ ಕಾಣುತ್ತಿದೆ ಎಂದು ಎರಡೆರಡು ಸಲ ಹೇಳಿದೆ. ಅಲ್ಲಿಗೆ ಹೋಗಲಿ, ಸುರಂಗ ಸಿಗಲಿ, ಮುದುಕಿ ಬಾಯಿಬಿಡಲಿ ಎಂದು ನನ್ನ ಆಸೆ.

ನಂಜುಂಡಣ್ಣ ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ. ‘ಈ ಕಂದಕಕ್ಕೆ ನೀರು ಕೆರೆಯಿಂದ ತಾನೆ ಮೇಡಂ?’

ಹೌದು ಅಂದೆ.

‘ಕೆರೆ ಅಂದ್ಮ್ಯಾಲೆ ತೂಬಿರ್ತದೆ. ತೂಬು ತೆಗ್ದು ನೀರ್ನ ಗದ್ದೆ ಕಡೀಕೆ ತಿರುಗಿಸ್ಬುಟ್ರೆ ಕಂದಕಕ್ಕೆ ನೀರಿರಲ್ಲ. ನಾನು ತೂಬು ತೆಗೀತೀನಿ.’

ನನ್ನ ನಲವತ್ತು ಪುಟ ನೀರಲ್ಲಿ ಕೊಚ್ಚಿಹೋಗುವುದು ಕಣ್ಣಿಗೆ ಕಂಡಿತು. ಆ ಕೆರೆಗೆ ತೂಬಿಲ್ಲ ಎಂದುಬಿಟ್ಟೆ. ತೂಬಿಲ್ಲದ ಕೆರೆಯನ್ನು ಯಾರು ಕಟ್ಟುತ್ತಾರೆ ಎಂದು ಅವರು ತಮ್ಮೊಳಗೇ ಹೇಳಿಕೊಂಡಂತೆ ಕೇಳಿದರು. ಇದ್ದರೂ ತುಕ್ಕು ಹಿಡಿದಿರುತ್ತದೆ ಅಂದೆ. ಕಲ್ಲು ಮತ್ತು ಮರದ್ದಕ್ಕೆ ತುಕ್ಕು ಹಿಡಿಯಲ್ಲವಲ್ಲ ಅಂದರು. ಸೀನ, ‘ಮಾಡ್ಲಿ ಬಿಡಕ್ಕ, ಪುಸ್ತಕದಲ್ಲೇ ಇದೆಯಲ್ಲ ಏನ್ ಬೇಕಾದ್ರೂ ಮಾಡ್ಬೋದು ಅಂತ’ ಅಂದ. ಅವತ್ತು ಭಾನುವಾರವಾದರೂ ಬೆಳಿಗ್ಗೆ ಆರರಿಂದ ಎರಡರ ತನಕ ಡ್ಯೂಟಿ ಮಾಡಿ ಬಂದಿದ್ದೆ. ಕಿವಿಯೊಳಗೆ ಇನ್ನೂ ಗುಂಯ್ ಎನ್ನುತ್ತಿತ್ತು. ಜಗಳ ಬೇಡ ಅನ್ನಿಸಿ, ಜಾಣತನ ಮಾಡಿದೆ.

‘ಆಯ್ತು, ಪ್ರಯತ್ನ ಮಾಡಿ. ಆರೂ ಕವಡೆ ಅಂಗಾತ ಬೀಳಬೇಕು.’

ಆ ಮಳೆಗಾಲದುದ್ದಕ್ಕೂ ನಮ್ಮಲ್ಲಿ ಆರೂ ಕವಡೆ ಯಾರಿಗೂ ಬಿದ್ದಿರಲಿಲ್ಲ. ಅದು ನಾಲ್ವರಿಗೂ ಗೊತ್ತಿತ್ತು. ನಂಜುಂಡಣ್ಣ ಕವಡೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಿಟ್ಟರು. ಐದು ಅಂಗಾತ ಬಿದ್ದವು. ಆರನೆಯದು ಚಾಪೆಯ ಅಂಚಿನ ತನಕ ಉರುಳಿ, ಹೊಯ್ದಾಡಿ, ಬೋರಲು ಬಿತ್ತು. ನಾನು, ನೀವು ನೀರಿಗಿಳಿದಿರಿ, ತೂಬು ಅಲುಗಲಿಲ್ಲ, ಮೊಸಳೆ ಬಂದದ್ದರಿಂದ ವಾಪಸು ಈಜಿದಿರಿ ಎಂದು ಹೇಳಿದೆ. ಚೆನ್ನಾಗಿಯೇ ಹೇಳಿದೆ, ನನ್ನ ಬಾಯಿಗೇನು.

ಅವರು ಆ ಬೋರಲು ಬಿದ್ದ ಕವಡೆಯನ್ನು ಎತ್ತಿ ಉಳಿದವುಗಳ ಜೊತೆ ಇಟ್ಟರು. ‘ಬ್ಯಾಡ ಅಂತ ನೇರ್‍ವಾಗೇ ಅನ್ಬೋದಿತ್ತಲ್ಲ ಮೇಡಂ’ ಅಂದರು. ಕೋಪವಿರಲಿಲ್ಲ. ಮಳೆ ಬರ್ತದೆ, ಬಟ್ಟೆ ತೆಗೀರಿ ಎನ್ನುವ ಹಾಗಿತ್ತು ದನಿ.

ಆಮೇಲಿನ ಎರಡು ವಾರ ಅವರು ಬಂದರು. ಬಾಳೆಹಣ್ಣೂ ಬಂತು. ಹಾಳುಗುಡಿಗೆ ಹೋಗೋಣವಾ ಅಂದರೆ ಹೂಂ. ಸುರಂಗಕ್ಕೆ ಇಳಿಯೋಣವಾ ಅಂದರೆ ಹೂಂ. ಮುದುಕಿ ಎದುರಾದಳು, ಅಜ್ಜಿಯ ಮಾತೆಲ್ಲ ನನ್ನ ಬಾಯಿಂದ ಸರಾಗವಾಗಿ ಹರಿದು ಬಂತು, ನಾನು ವರ್ಷವೆಲ್ಲ ಕಾದಿದ್ದ ಗಳಿಗೆ. ನಂಜುಂಡಣ್ಣ ಹೂಂ, ಹೂಂ ಎನ್ನುತ್ತಾ ಕೇಳಿದರು. ಮಾತಿಗೊಂದು ಹೂಂ, ಅಜ್ಜಿ ಕೇಳಿದ್ದರೆ ಮೆಚ್ಚಬೇಕು, ಹಾಗೆ. ನನಗೆ ಬಾಯಲ್ಲಿ ಮಣ್ಣು ಹಾಕಿಕೊಂಡ ಹಾಗಾಯಿತು. ವಿಮಲ ಕೂಡ ಆ ದಿನ ಮುದುಕಿಯನ್ನು ಏನೂ ಕೇಳಲಿಲ್ಲ.

ಮೂರನೇ ವಾರ ಅವರು ಬರಲೇ ಇಲ್ಲ. ಅದರ ಮುಂದಿನ ವಾರವೂ ಇಲ್ಲ. ಡ್ಯೂಟಿಗೂ ರಜೆ ಹಾಕಿದ್ದಾರೆ ಎಂದು ತಿಳಿಯಿತು. ನನಗೆ ನಿದ್ದೆ ಹತ್ತಲಿಲ್ಲ ಎಂದೇನೂ ಹೇಳುವುದಿಲ್ಲ. ಆಗಿನ ದಣಿವಿನಲ್ಲಿ ಹಾಸಿಗೆ ಕಂಡರೆ ಸಾಕು ನಿದ್ದೆ. ಆದರೆ ಪ್ಲಗ್ ಎಳೆದು ಯಾರ ಮಾತನ್ನೋ ಕತ್ತರಿಸುವಾಗಲೆಲ್ಲ ಆ ಬೋರಲು ಕವಡೆ ನೆನಪಾಗುತ್ತಿತ್ತು. ಒಂದು ದಿನ ರಜೆ ಹಾಕಿ, ಬೆಳಿಗ್ಗೆ, ಉತ್ತರಹಳ್ಳಿಯ ಬಸ್ಸು ಹತ್ತಿದೆ. ಬನಶಂಕರಿ ದಾಟಿದರೆ ಆಗ ಇನ್ನೂ ರಾಗಿ ಹೊಲ, ನಡುನಡುವೆ ಸುಣ್ಣ ಬಳಿದ ಸೈಟಿನ ಕಲ್ಲು. ಕಂಡಕ್ಟರು ಚಿಕ್ಕಲಸಂದ್ರ ಎಂದು ಇಳಿಸಿದ. ನೀರ್ಗಂಟಿ ನಂಜುಂಡಣ್ಣನವರ ಮನೆ ಎಲ್ಲಿ ಎಂದು ಕೇಳಿದರೆ ಅಂಗಡಿಯವನು, ಮನೇಲಿಲ್ಲ, ಏರಿ ಮ್ಯಾಲವ್ರೆ ನೋಡಿ ಅಂದ.

ಹೋಗುವ ಮೊದಲೇ ವಾಸನೆ ಬಂತು. ಕೆರೆ ಅನ್ನುವುದಕ್ಕೆ ಅಲ್ಲಿ ಉಳಿದಿದ್ದದ್ದು ಕಪ್ಪು ಗೋಡಿನ ಬಯಲು. ಏರಿಯನ್ನು ಯಂತ್ರದಿಂದ ನಡುವೆ ಕಡಿದಿದ್ದರು. ಕೆಳಗೆ ಎಂಟು ಹತ್ತು ಗುಡಿಸಲು. ಅವುಗಳ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಕೆಸರಿನ ಗೆರೆ. ಹೆಂಗಸರು ನೆನೆದ ರಾಗಿಯನ್ನು ಗೋಣಿಯ ಮೇಲೆ ಹರವುತ್ತಿದ್ದರು. ಜೀವಕ್ಕೇನೂ ಆಗಿರಲಿಲ್ಲ, ದೇವರು ದೊಡ್ಡವನು. ನಂಜುಂಡಣ್ಣ ಏರಿಯ ಮೇಲೆ ನಿಂತಿದ್ದರು, ಮೊಣಕಾಲ ತನಕ ಕೆಸರು. ನನ್ನನ್ನು ಕಂಡು ಅವಸರವಾಗಿ ಪಂಚೆ ಇಳಿಸಿದರು.

ನಡೆದದ್ದನ್ನು ಅವರು ಹೇಳಿದ್ದು ನಾಲ್ಕು ಮಾತಿನಲ್ಲಿ. ಕೆರೆ ಬತ್ತಿಸಲು ಬಂದ ಗುತ್ತಿಗೆದಾರನಿಗೆ ಏರಿ ಕಡಿಯಬೇಡಿ, ತೂಬು ತೆಗೆಯೋಣ, ಎಂಟು ದಿನದಲ್ಲಿ ನೀರು ಕಾಲುವೆ ಹಿಡಿದು ತಾನಾಗಿ ಹೋಗುತ್ತದೆ ಎಂದು ಇವರು ಹೇಳಿದ್ದಾರೆ. ಅವನು ಬಯ್ಯಲಿಲ್ಲ, ಓಡಿಸಲಿಲ್ಲ. ಆಯ್ತು ನೋಡೋಣ ಯಜಮಾನ್ರೆ ಅಂದ. ಬೆಳಗಾಗುವಷ್ಟರಲ್ಲಿ ಯಂತ್ರ ಬಂತು.

‘ಅವ್ರ ಪ್ಲಾನ್‌ನಾಗೆ ತೂಬೇ ಇರ್ನಿಲ್ಲ ಮೇಡಂ’ ಅಂದರು. ‘ಇದ್ದುದ್ನ ತೋರುಸ್ದೆ. ಅಲ್ನೋಡಿ.’

ಗೋಡಿನ ನಡುವೆ ಎರಡು ಕಲ್ಲುಕಂಬ, ಅವಕ್ಕೆ ಅಡ್ಡಪಟ್ಟಿ, ನಡುವಿನ ತೂತಿನಲ್ಲಿ ಉದ್ದನೆಯ ಮರದ ಕೋಲು. ಕೋಲಿನ ಬುಡದಲ್ಲಿ ನೆಲದ ಕಲ್ಲಿನ ಕಂಡಿಯನ್ನು ಮುಚ್ಚುವ ಬಿರಡೆ. ನೀರಗಂಟಿ ಈಜಿಕೊಂಡು ಹೋಗಿ ಆ ಕೋಲನ್ನೆತ್ತಿದರೆ ನೀರು ಹೊರಡುತ್ತದೆ. ಬಿರಡೆ ಮುಚ್ಚಿದ ಹಾಗೇ ಇತ್ತು, ಅದರ ಸುತ್ತ ಮಾತ್ರ ನೀರಿರಲಿಲ್ಲ. ಅದರಾಚೆ ಗೋಡಿನಲ್ಲಿ ಊರಿನ ಜನ ಮಂಕರಿ, ಬಕೀಟು, ಸೊಳ್ಳೆಪರದೆ ಹಿಡಿದು ಮೀನು ಬಾಚುತ್ತಿದ್ದರು. ಗುಡಿಸಲಿಗೆ ನೀರು ನುಗ್ಗಿಸಿಕೊಂಡವರೂ ಅವರಲ್ಲಿದ್ದರು, ಯಂತ್ರದ ಡ್ರೈವರೂ ಪ್ಯಾಂಟು ಮಡಿಸಿ ಇಳಿದಿದ್ದ.

ಕ್ಷಮಿಸಿ ಎನ್ನಬೇಕೆಂದು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ನನಗಲ್ಲಿ ಬರಲಿಲ್ಲ. ಭಾನುವಾರ ಬನ್ನಿ ಎಂದಷ್ಟೇ ಹೇಳಿದೆ. ನೋಡಾನ ಮೇಡಂ ಅಂದರು. ನೋಡೋಣ ಎಂಬ ಮಾತಿಗೆ ಏನರ್ಥ ಎಂದು ಅಲ್ಲಿ ನಿಂತ ಮೇಲೆ ನನಗೂ ತಿಳಿದಿತ್ತು. ಅವರು ಬರುವುದಿಲ್ಲ ಎಂದುಕೊಂಡೇ ವಾಪಸಾದೆ.

ಬಂದರು. ಬಾಳೆಹಣ್ಣಿರಲಿಲ್ಲ. ಮೂಲೆಯಲ್ಲಿ ಕೂತರು. ನಾನು ನೋಟ್‌ಬುಕ್ಕನ್ನು ಒಳಕೋಣೆಯಲ್ಲೇ ಬಿಟ್ಟು ಬಂದಿದ್ದೆ. ಬರಿಗೈಯಲ್ಲಿ ಕೂತಾಗ ಎಷ್ಟು ಭಯವಾಯಿತೆಂದರೆ, ಮೊದಲ ದಿನ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತಾಗಲೂ ಅಷ್ಟು ಆಗಿರಲಿಲ್ಲ. ಹೇಳಿದೆ: ‘ನಾವು ಕೋಟೆ ಮುಂದೆ ನಿಂತಿದ್ದ ದಿನಕ್ಕೆ ವಾಪಸ್ ಹೋಗೋಣ. ಅವತ್ತು ಆರು ಕವಡೆ ಕೇಳಿದ್ದು ನನ್ನ ತಪ್ಪು. ನೀವು ಏನು ಮಾಡಬೇಕು ಅಂತಿದ್ರಿ, ಯಾಕೆ ಅಂತಿದ್ರಿ, ನಾನು ಕೇಳಲೇ ಇಲ್ಲ. ಕೆರೆಗೆ ತೂಬಿದೆ ನಂಜುಂಡಣ್ಣ. ಹೇಗೆ ತೆಗೀತೀರಿ?’

‘ಬ್ಯಾಡ ಬುಡಿ ಮೇಡಂ. ಆಟ ತಾನೆ.’

ವಿಮಲ ಸೆರಗು ಸೊಂಟಕ್ಕೆ ಸಿಕ್ಕಿಸಿ ದನಿ ಬದಲಿಸಿದಳು. ‘ನಾನು ಕೆಳಗಿನ ಗುಡಿಸಲವಳು. ಯಾರೋ ನೀರು ಬಿಡ್ತಾರಂತೆ ಅಂತ ಕೇಳ್ದೆ. ನಮ್ಮನೆ ಗತಿಯೇನಪ್ಪ ನೀರ್ಗಂಟಿ?’

ಅವರು ಅವಳನ್ನೇ ನೋಡಿದರು. ಆ ಹೆಸರಿನಿಂದ ಅವರನ್ನು ಯಾರಾದರೂ ಕರೆದು ಎಷ್ಟು ದಿನವಾಗಿತ್ತೋ. ‘ನಿಮ್ಗೇನ್ ಆಗಲ್ಲ ತಾಯಿ’ ಅಂದರು. ‘ಮೊದ್ಲು ನಿಮ್ಗೇ ಬಂದ್ ಹೇಳ್ತೀನಿ.’

ಮತ್ತೆ ಅವರು ಮೂಲೆ ಬಿಟ್ಟು ಚಾಪೆಯ ನಡುವಿಗೆ ಬಂದು ಕೂತರು. ಮೊದಲು ಕಾಲುವೆಯ ಉದ್ದಕ್ಕೂ ನಡೆದು ಕಸ ತೆಗೆಸುತ್ತಾರಂತೆ. ಮನೆಮನೆಗೆ ಹೋಗಿ ಇಂಥ ದಿನ ನೀರು ಬರುತ್ತದೆ ಎಂದು ಹೇಳುತ್ತಾರಂತೆ. ಏರಿಯ ಮೇಲೆ ಗಂಗಮ್ಮನಿಗೆ ಎಲೆ ಅಡಿಕೆ ಇಟ್ಟು ನೀರಿಗಿಳಿಯುತ್ತಾರಂತೆ. ಮೊದಲ ದಿನ ಕೋಲನ್ನು ಎತ್ತುವುದು ಅರ್ಧ ಗೇಣು ಮಾತ್ರ. ಒಟ್ಟಿಗೇ ಎತ್ತಿದರೆ ಕಾಲುವೆಯ ಬಾಯಿ ಒಡೆಯುತ್ತದೆ. ಎರಡನೇ ದಿನ ಒಂದು ಗೇಣು. ಹೇಳುತ್ತಾ ಹೇಳುತ್ತಾ ಅವರ ಕೈ ಆ ಕೋಲನ್ನು ಹಿಡಿದ ಹಾಗೆ ಮಡಚಿಕೊಂಡಿತ್ತು. ನಾನು ಯಾವುದಕ್ಕೂ ಕವಡೆ ಕೇಳಲಿಲ್ಲ. ಒಂದೇ ಒಂದು ಕಡೆ, ಮೊಸಳೆ ಸನಿಹ ಬಂದಾಗ, ಎರಡು ಕವಡೆ ಸಾಕು ಅಂದೆ, ನಾಲ್ಕು ಬಿದ್ದವು.

ಸೀನನಿಗೆ ತಡೆಯಲಾಗಲಿಲ್ಲ. ಕಂದಕ ಒಣಗಿತು ಅಂದರೂ ಬುರುಜಿನ ಮೇಲಿನ ಬಿಲ್ಲಾಳುಗಳು ಹಾಗೇ ಇದ್ದಾರಲ್ಲ, ದಾಟುವುದು ಹೇಗೆ ಎಂದ. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ.

ನಂಜುಂಡಣ್ಣ ಮೊದಲ ಸಲ ಬಾಯಿತುಂಬ ನಕ್ಕರು. ‘ದಾಟಾಕ್ಕೆ ಯಾರ್ ಅಂದ್ರು ಸೀನಪ್ಪ? ನೀರು ಇಳಿದ್ರೆ ಮೀನು ಕಾಣ್ತವೆ. ಮೀನು ಕಂಡ್ಮ್ಯಾಲೆ ಯಾವನು ಕಾವ್ಲು ಕಾಯ್ತಾನೆ? ಬಿಲ್ಲು ಬಿಸಾಕಿ ಮಂಕರಿ ತಕೊಂಡು ಹೆಂಡ್ರು ಮಕ್ಳ ಸಮೇತ ಅವ್ರೇ ಬಾಗ್ಲು ತೆಗ್ದು ಬತ್ತಾರೆ. ನಾವೂ ಒಂದೊಂದು ಮಂಕರಿ ಮೀನು ತುಂಬ್ಕೊಂಡು ಅವ್ರ ಜೊತೇಲೇ ಒಳೀಕ್ ಹೋಗಾದು.’

ಆ ಗೋಡಿನಲ್ಲಿ ಪ್ಯಾಂಟು ಮಡಿಸಿ ನಿಂತ ಡ್ರೈವರು ನನ್ನ ಕಣ್ಣ ಮುಂದೆ ಬಂದ. ನೋಡಿ ಬಂದವಳಿಗೇ ಹೊಳೆದಿರಲಿಲ್ಲ. ಇವರಿಗೆ ಅದು ಕಾಣುವ ಮೊದಲೇ ಗೊತ್ತಿತ್ತು, ನಾನು ಆರು ಕವಡೆ ಕೇಳಿದ ದಿನವೇ. ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಕೇಳುತ್ತಿದ್ದಳು. ಆ ಮಧ್ಯಾಹ್ನ ಹೂಂ, ಹೂಂ ಎನ್ನುತ್ತಿದ್ದವಳು ನಾನು ಎಂದು ವಿಮಲ ಆಮೇಲೆ ಹೇಳಿ ನಕ್ಕಳು. ನನಗೆ ಗೊತ್ತೇ ಆಗಿರಲಿಲ್ಲ.

ಅದಾದ ಮೇಲೆ ಹೆಚ್ಚು ದಿನ ಆಟ ನಡೆಯಲಿಲ್ಲ. ದೀಪಾವಳಿ ಕಳೆದ ಮೇಲೆ ನಂಜುಂಡಣ್ಣನಿಗೆ ಬೇರೆ ಕಡೆ ವರ್ಗವಾಯಿತು. ಸೀನನಿಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ನನ್ನ ಮದುವೆ. ಊರಿಂದೂರಿಗೆ ನೇರ ಡಯಲ್ ಬಂದು, ಟ್ರಂಕ್ ಬೋರ್ಡಿನ ತೂತುಗಳೆಲ್ಲ ಒಂದೊಂದಾಗಿ ಖಾಲಿಯಾದವು. ಕೊನೆ ಕೊನೆಗೆ ನಾವು ಆಪರೇಟರುಗಳು ಸ್ವೆಟರ್ ಹೆಣೆಯುತ್ತಾ ಕೂರುತ್ತಿದ್ದೆವು, ಕತ್ತರಿಸಲು ಯಾರ ಮಾತೂ ಇರಲಿಲ್ಲ. ನಂಜುಂಡಣ್ಣ ತೀರಿಕೊಂಡ ಸುದ್ದಿ ತಿಳಿದದ್ದೂ ವರ್ಷ ಕಳೆದ ಮೇಲೆ. ಆ ನಲವತ್ತು ಪುಟ ಎಲ್ಲಿ ಹೋಯಿತೋ ನೆನಪಿಲ್ಲ.

ಮೊನ್ನೆ ಆ ಗುಂಡಿಯ ಪಕ್ಕ ಇಷ್ಟೆಲ್ಲ ಒಟ್ಟಿಗೇ ಬಂದು ಹೋಯಿತು. ಪತ್ರಿಕೆ ಕೊಟ್ಟು, ಅವರು ಕೊಟ್ಟ ಕಾಫಿ ಕುಡಿದು ವಾಪಸು ಬಂದಾಗಲೂ ಕೆಲಸ ನಡೆದೇ ಇತ್ತು. ಗುಂಡಿಯ ತಳದಲ್ಲಿ ನೀರು ಜಿನುಗಿ ತುಂಬುತ್ತಿತ್ತು. ಪಂಪು ಎಷ್ಟು ಎತ್ತಿದರೂ ಮತ್ತೆ ಅಷ್ಟೇ. ಉತ್ತರದ ಜಿಲ್ಲೆಯ ಕಡೆಯಿಂದ ದುಡಿಯಲು ಬಂದ ಒಬ್ಬ ಹೆಂಗಸು, ಮಂಕರಿ ಹೊರುವವಳು, ಮೇಸ್ತ್ರಿಗೆ ಏನೋ ತೋರಿಸುತ್ತಿದ್ದಳು. ‘ಪಂಪ್ ಇಲ್ಲಿ ಬ್ಯಾಡ್ರಿ ಸಾಹೇಬ್ರ, ನೀರ ಆ ಕಡಿಂದ ಬರಾಕತ್ತೈತ್ರಿ’ ಅಂದಳು. ಮೇಸ್ತ್ರಿ ಫೋನಿನಿಂದ ಕಣ್ಣೆತ್ತಲಿಲ್ಲ. ಆಯ್ತಮ್ಮ, ನೋಡೋಣ, ಅಂದ.

ಆಟೋದವನು ಹಾರ್ನ್ ಮಾಡಿದ. ಮಂಡಿ ನೋಯುತ್ತಿತ್ತು, ಬಿಸಿಲು ನೆತ್ತಿಗೆ ಬಂದಿತ್ತು, ಮನೆ ಸೇರಿದರೆ ಸಾಕಾಗಿತ್ತು. ಅವಳು ಖಾಲಿ ಮಂಕರಿ ಎತ್ತಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋಗುತ್ತಿದ್ದಳು.

‘ಯಾವ ಕಡೆಯಿಂದಮ್ಮ ಬರ್ತಿರೋದು?’ ಎಂದು ಕೇಳಿದೆ.

ಅವಳು ನಿಂತಳು. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಮಂಕರಿಯನ್ನು ಕೆಳಗಿಟ್ಟು, ಕೈ ಚಾಚಿ ತೋರಿಸುತ್ತಾ ಹೇಳತೊಡಗಿದಳು.

ಹೂಂ, ಅಂದೆ.